ಬಾಬೆಯ ಬಾಯಿಗೆ ಜೇನು: ಹಳೆ ಕ್ರಮ, ಹೊಸ ಸಂಗತಿ

ಎಂಗಳ ಹೊಡೆಯ ಹಳೆ ಮನೆಗಳಲ್ಲಿ ಜೇನಿನ ಕುಪ್ಪಿ ಅಟ್ಟುಂಬೊಳ ಇರ. ಬೆಲ್ಲದ ಡಬ್ಬಿ, ಉಪ್ಪಿನ ಭರಣಿ ಪೂರಾ ಅಲ್ಲಿಯೇ ಇದ್ದರೂ ಜೇನು ಮಾಂತ್ರ ದೇವರೊಳ ಇಕ್ಕು, ಇಲ್ಲದ್ರೆ ಮದ್ದಿನ ಪೆಟ್ಟಿಗೆಯ ಹತ್ತರೆ ಇಕ್ಕು. ಪಂಚಾಮೃತಕ್ಕೆ ಒಂದು ಚಮಚ, ಮದುವೆಲಿ ಮದಿಮ್ಮಾಯಂಗೆ ಮಧುಪರ್ಕ ಕೊಡ್ಲೆ ರಜ್ಜ, ಸೆಮ್ಮ ಬಂದ ಮಾಣಿಗೆ ಶುಂಠಿರಸಕ್ಕೆ ಕಲಸಲೆ ನಾಲ್ಕು ಹನಿ, ಪಂಡಿತರು ಕೊಟ್ಟ ಚೂರ್ಣವ ನಕ್ಕಲೆ ಇನ್ನೆರಡು ಹನಿ. ಅಷ್ಟೆ. ಒಂದು ಕುಪ್ಪಿ ತಂದರೆ ಒರಿಷ ಬಕ್ಕು.

ಈಗ ಆ ಕುಪ್ಪಿ ಜಾಗೆ ಬದಲ್ಸಿದ್ದು. ಊಟದ ಮೇಜಿನ ಮೇಗೆ ಬಂದು ಕೂಯಿದು. ಉದಿಯಪ್ಪಗ ಬೆಶಿನೀರಿಂಗೆ ನಿಂಬೆಹುಳಿ ಹಿಂಡಿ ಜೇನು ಹಾಕಿ ಕುಡಿವವು ಇದ್ದವು, ದೋಸೆಗೆ ಎರೆಶಿ ತಿಂಬವು ಇದ್ದವು, "ಸಕ್ಕರೆ ಆಗ, ಜೇನಾದರೆ ಅಕ್ಕು" ಹೇಳಿ ಚಾಯಕ್ಕೆ ಹಾಕುವವುದೆ ಇದ್ದವು. ಹನಿ ಲೆಕ್ಕಲ್ಲಿ ಇದ್ದದು ಚಮಚದ ಲೆಕ್ಕಕ್ಕೆ ಬಂತು. ಮದ್ದಾಗಿ ಇಪ್ಪಗ ಅದರೊಟ್ಟಿಂಗೆ ಒಂದಷ್ಟು ಎಚ್ಚರಿಕೆಗೊ ಇತ್ತು. ತಿಂಡಿ ಆದ ಮತ್ತೆ ಆ ಎಚ್ಚರಿಕೆ ಆರಿಂಗೂ ನೆಂಪಿಲ್ಲೆ. ಅದು ಎಂತದೆಲ್ಲ ಇತ್ತು, ಅದರಲ್ಲಿ ಯಾವದು ಈಗಾಣ ಪರೀಕ್ಷೆಗೆ ನಿಂದತ್ತು, ಯಾವದು ನಿಂದಿದಿಲ್ಲೆ, ಹಳಬ್ಬರಿಂಗೆ ಗೊಂತಿಲ್ಲದ್ದ ಒಂದು ಅಪಾಯ ಹೇಂಗೆ ಹೆರ ಬಂತು ಹೇಳಿ ಬರವಲೆ ಹೆರಟಿದೆ.

ಮದಾಲು ಆಯುರ್ವೇದಂದ ಸುರು ಮಾಡುವ. ಜೇನು ಒಳ್ಳೆದು ಹೇಳ್ಲೆ ಎಲ್ಲೋರುದೆ ಅದರ ಹೆಸರನ್ನೇ ಹೇಳ್ತವು. ಚರಕಸಂಹಿತೆಯ ಸೂತ್ರಸ್ಥಾನದ 27ನೇ ಅಧ್ಯಾಯ ತಿಂಬ ವಸ್ತುಗಳ ದೊಡ್ಡ ಪಟ್ಟಿ. ಅದರಲ್ಲಿ ಜೇನಿಲಿ ನಾಲ್ಕು ಜಾತಿ ಹೇಳಿದ್ದವು: ಮಾಕ್ಷಿಕ, ಭ್ರಾಮರ, ಕ್ಷೌದ್ರ, ಪೈತ್ತಿಕ. ಮಾಕ್ಷಿಕ ಎಲ್ಲದಕ್ಕಿಂತ ಒಳ್ಳೆದು. ಸುಶ್ರುತ ಇದರ ಎಂಟಕ್ಕೆ ಏರ್ಸಿದ. ಎಂಗಳ ಊರಿನ ತೊಡುವೆ, ಹೆಜ್ಜೇನು, ಕೋಲುಜೇನು, ಮುಜಂಟಿ ಹೇಳ್ತ ಲೆಕ್ಕದ ಹಾಂಗೆಯೇ ಅದುದೆ. ಹುಳುವಿನ ಜಾತಿ ನೋಡಿ ಜೇನಿನ ಗುಣ ಹೇಳುದು. ಮುಜಂಟಿಯ ಜೇನು ಸಿಕ್ಕುದು ಒಂದು ಚಿಪ್ಪಿಯಷ್ಟು, ಹುಳಿಹುಳಿ ರುಚಿ. ಅದರ ಈಗಳೂ ಮದ್ದಿಂಗೆ ಹೇಳಿಯೇ ಬೇರೆ ಮಡುಗುತ್ತವು.

ಗುಣ ಹೇಳಿ ಮುಗುಶಿದ ಕೂಡ್ಲೆ ಚರಕ ಎಚ್ಚರಿಕೆಗೆ ಇಳಿತ್ತ. ಜೇನು ಜೀರ್ಣಕ್ಕೆ ಭಾರ, ಹಾಂಗಾಗಿ ರಜ್ಜವೇ ತೆಕ್ಕೊಳೆಕ್ಕು. ಹೆಚ್ಚಾಗಿ ಅಜೀರ್ಣ ಆದರೆ ಅದರಷ್ಟು ಉಪದ್ರದ ಅಜೀರ್ಣ ಬೇರೆ ಇಲ್ಲೆ. ಎಂತಕೆ ಹೇಳಿರೆ, ಅಜೀರ್ಣಕ್ಕೆ ಬೆಶಿಯ ಉಪಚಾರ ಮಾಡೆಕ್ಕು, ಜೇನಿಂಗೆ ಬೆಶಿ ಆಗ. ಒಂದಕ್ಕೆ ಮದ್ದು ಮಾಡ್ಲೆ ಹೋದರೆ ಇನ್ನೊಂದು ಕೆಡುಗು. ಮತ್ತೆ, ಜೇನಿನ ಬೆಶಿ ಮಾಡ್ಲಾಗ. ಹುಳುಗೊ ವಿಷದ ಹೂಗಿಂದಲುದೆ ತತ್ತವು, ಆ ವಿಷದ ಸಂಪರ್ಕ ಅದರಲ್ಲಿ ಇದ್ದು ಹೇಳಿ ಕಾರಣ ಕೊಡ್ತ. 26ನೇ ಅಧ್ಯಾಯಲ್ಲಿ ಒಟ್ಟಿಂಗೆ ಆಗದ್ದ ವಸ್ತುಗಳ ಪಟ್ಟಿ ಇದ್ದು. ಜೇನು ತುಪ್ಪ ಸಮಾ ತೂಕಲ್ಲಿ ತೆಕ್ಕೊಂಬಲಾಗ ಹೇಳುದು ಅಲ್ಲಿಯೇ ಇಪ್ಪದು. ಇದು ಎಂಗಳ ಮನೆಗಳಲ್ಲಿ ಎಲ್ಲೋರಿಂಗುದೆ ಗೊಂತಿದ್ದು, ಪಂಚಾಮೃತ ಮಾಡುವಗ ಹೆಮ್ಮಕ್ಕೊ ಜೇನು ಒಂದು ಪಾಲು ಕಮ್ಮಿಯೇ ಹಾಕುಗು. ಆದರೆ ಅದೇ ಪಟ್ಟಿಲಿ ಇನ್ನೊಂದು ಇದ್ದು: ಜೇನು ತಿಂದಿಕ್ಕಿ ಬೆಶಿನೀರು ಕುಡಿವಲಾಗ. ಉದಿಯಪ್ಪಗ ಬೆಶಿನೀರಿಂಗೆ ಜೇನು ಹಾಕಿ "ಇದು ಆಯುರ್ವೇದ" ಹೇಳುವವು ಈ ಸಾಲಿನ ಓದಿದ್ದವಿಲ್ಲೆ ಹೇಳಿ ಕಾಣ್ತು.

ತೂಕ ಇಳಿತ್ತು ಹೇಳ್ತ ಮಾತುದೆ ಎಲ್ಲಿಂದಲೋ ಗಾಳಿಲಿ ಬಂದದಲ್ಲ. ಸುಶ್ರುತಸಂಹಿತೆಲಿ ಹೊಸ ಜೇನು ಮೈ ತುಂಬುಸುತ್ತು, ಹಳೆ ಜೇನು ಕೊಬ್ಬು ಕೆರಸುತ್ತು ಹೇಳಿ ಎರಡು ಮಾತು ಇದ್ದು. ಈಗಾಣವು ಎರಡ್ನೆಯ ಅರ್ಧವ ಮಾಂತ್ರ ತೆಕ್ಕೊಂಡವು. ಅಂಗಡಿಂದ ನಿನ್ನೆ ತಂದ ಜೇನಿಂಗೆ ಮದಲಾಣ ಅರ್ಧವೇ ಸರಿ ಹೊಂದುದು.

ಇನ್ನು ಈ ಎಚ್ಚರಿಕೆಗಳ ಈಗಾಣ ಕಣ್ಣಿಲಿ ನೋಡುವ. ಬೆಶಿ ಮಾಡಿರೆ ಜೇನು ವಿಷ ಆವ್ತು ಹೇಳುವಗ ರಜ ನಿಧಾನ ಮಾಡೆಕ್ಕು. ಕಾಸಿರೆ ಜೇನಿಲಿ ಎಚ್‌ಎಂಎಫ್ ಹೇಳ್ತ ಒಂದು ವಸ್ತು ಹೆಚ್ಚಾವ್ತು, ಅದು ಅಪ್ಪು. ಅಂತಾರಾಷ್ಟ್ರೀಯ ಆಹಾರ ನಿಯಮ, ಕೋಡೆಕ್ಸ್ ಹೇಳ್ತವು, ಕಿಲೋಗೆ 40 ಮಿಲಿಗ್ರಾಂ ಮಿತಿ ಹಾಕಿದ್ದು. ಎಂಗಳ ಹಾಂಗಿಪ್ಪ ಬೆಶಿಲಿನ ದೇಶಂಗೊಕ್ಕೆ 80. ಆದರೆ ಆ ಮಿತಿ ಇಪ್ಪದು ಜೇನು ಹಳತ್ತೊ, ಕಾಸಿದ್ದೊ ಹೇಳಿ ಗುರ್ತ ಹಿಡಿವಲೆ. ಅದೇ ವಸ್ತು ಹೊರುದ ಕಾಪಿಬೀಜಲ್ಲಿ ಇದರಿಂದ ಎಷ್ಟೋ ಹೆಚ್ಚಿಗೆ ಇದ್ದು. ಉಗುರು ಬೆಶಿ ನೀರಿಂಗೆ ಒಂದು ಚಮಚ ಹಾಕಿ ಕುಡುದವಕ್ಕೆ ವಿಷ ಏರ್ತಿಲ್ಲೆ. ನಷ್ಟ ಬೇರೆ ನಮೂನೆ: ಕಾಸಿದ ಜೇನಿಲಿ ಪರಿಮಳ ಹೋವ್ತು, ಗಾಯಕ್ಕೆ ಉಪಕಾರ ಮಾಡ್ತ ಕಿಣ್ವ ಸಾಯ್ತು.

ಆದರೆ ವಿಷದ ಹೂಗಿನ ಮಾತು ಬರೀ ಕಲ್ಪನೆ ಅಲ್ಲ. ಕ್ರಿಸ್ತಪೂರ್ವ 401ರಲ್ಲಿ ಝೆನೊಫೋನ್ ಹೇಳ್ತ ಗ್ರೀಕರವ ಹತ್ತು ಸಾವಿರ ಸೈನಿಕರೊಟ್ಟಿಂಗೆ ಪರ್ಷಿಯಂದ ತಿರುಗಿ ಊರಿಂಗೆ ಹೋಪಗ, ಕಪ್ಪು ಸಮುದ್ರದ ಕರೆಲಿ ಟ್ರೆಬಿಝೋಂಡಿನ ಹತ್ತರೆ ಒಂದು ಗುಡ್ಡೆಲಿ ಬಿಡಾರ ಮಾಡಿದ. ಅಲ್ಲಿ ಜೇನಗೂಡು ಬೇಕಾದಷ್ಟು ಇತ್ತು. ತಿಂದ ಸೈನಿಕರಿಂಗೆ ಕಾರುದು, ಹೊಟ್ಟೆ ಹೋಪದು, ಎದ್ದು ನಿಂಬಲೆ ಎಡಿಯ. ರಜ್ಜ ತಿಂದವು ಕುಡುದವರ ಹಾಂಗೆ, ತುಂಬ ತಿಂದವು ಮರ್ಲು ಹಿಡುದವರ ಹಾಂಗೆ. ಯುದ್ಧಲ್ಲಿ ಸೋತ ಹಾಂಗೆ ನೆಲಕ್ಕಲ್ಲಿ ಬಿದ್ದುಗೊಂಡು ಇತ್ತಿದ್ದವು ಹೇಳಿ ಅವನೇ ಬರದ್ದ. ಆರುದೆ ಸತ್ತಿದವಿಲ್ಲೆ. ಮರದಿನ ಅದೇ ಹೊತ್ತಿಂಗೆ ಬುದ್ಧಿ ಬಂತು, ಮೂರು ನಾಲ್ಕು ದಿನಲ್ಲಿ ಎದ್ದವು. ಕಾರಣ ರೋಡೋಡೆಂಡ್ರಾನ್ ಹೇಳ್ತ ಗೆಡುವಿನ ಹೂಗಿನ ರಸ, ಅದರಲ್ಲಿ ಇಪ್ಪ ಗ್ರಯಾನೊಟಾಕ್ಸಿನ್. ಅದು ಎದೆಬಡಿತವ ಇಳುಶುತ್ತು, ರಕ್ತದೊತ್ತಡವ ಬೀಳ್ಸುತ್ತು. ಕೆಲವು ಶತಮಾನ ಕಳುದು ಅದೇ ಹೊಡೆಲಿ ರೋಮಿನ ಪಾಂಪೆಯ ಸೈನ್ಯಕ್ಕೆ ಊರವು ಬೇಕು ಹೇಳಿಯೇ ಈ ಜೇನಿನ ದಾರಿಲಿ ಮಡುಗಿ, ಬುದ್ಧಿ ತಪ್ಪಿಪ್ಪಗ ಬಂದು ಕಡುದವು ಹೇಳಿ ಸ್ಟ್ರಾಬೊ ಬರದ್ದ. ತುರ್ಕಿಲಿ ಈಗಳೂ ಆ ಜೇನು ಮಾರ್ತವು, ತಿಂದು ಆಸ್ಪತ್ರೆಗೆ ಹೋಪವು ಈಗಳೂ ಇದ್ದವು. ನೇಪಾಳದ ಗುಡ್ಡೆ ಜೇನುದೆ ಅದೇ ಜಾತಿದು. ಎಂಗಳ ತೋಟದ ಜೇನಿಂಗೆ ಈ ಹೆದರಿಕೆ ಇಲ್ಲೆ.

ಗಾಯಕ್ಕೆ ಜೇನು ಹಾಕುದು ಇನ್ನೂ ಹಳೆ ಸಂಗತಿ. ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್, ಸುಮಾರು ಕ್ರಿಸ್ತಪೂರ್ವ 1600ರದ್ದು, ಗಾಯಕ್ಕೆ ಕೊಬ್ಬುದೆ ಜೇನುದೆ ಹಾಕಿ ಬಟ್ಟೆ ಕಟ್ಟುವ ಕ್ರಮ ಮತ್ತೆ ಮತ್ತೆ ಹೇಳ್ತು. ಇದು ಪರೀಕ್ಷೆಲಿ ಪಾಸಾತು. ಜೇನಿಲಿ ನೂರಕ್ಕೆ ಸುಮಾರು 80 ಪಾಲು ಸಕ್ಕರೆ, ನೀರು 20ಕ್ಕಿಂತ ಕಮ್ಮಿ. ಗಾಯಲ್ಲಿಪ್ಪ ಕ್ರಿಮಿಗಳ ಮೈಂದ ನೀರಿನ ಅದು ಎಳದುಗೊಳ್ತು, ಅವು ಒಣಗಿ ಸಾಯ್ತವು. ಅದರ ಮೇಗೆ ಜೇನು ಹುಳಿಗುಣದ್ದು. ಇನ್ನೊಂದು, ಹುಳುವಿನ ಜೊಲ್ಲಿಂದ ಬಪ್ಪ ಒಂದು ಕಿಣ್ವ ಗಾಯದ ನೀರು ತಾಗಿಯಪ್ಪಗ ರಜ್ಜ ರಜ್ಜವೇ ಹೈಡ್ರೋಜನ್ ಪೆರಾಕ್ಸೈಡ್ ಮಾಡ್ತು. ಗಾಯ ತೊಳವಲೆ ಹಾಕಿಯಪ್ಪಗ ನೊರೆ ಬಪ್ಪ ಮದ್ದು ಇದ್ದನ್ನೆ, ಅದೇ. ಅಮೇರಿಕದ ಕೃಷಿ ಇಲಾಖೆಯ ಜೊನಾಥನ್ ವೈಟ್ ಹೇಳ್ತವು 1960ರ ದಶಕಲ್ಲಿ ಇದರ ಕಂಡುಹಿಡುದವು. ಕಿಣ್ವ ಬೆಶಿಗೆ ಸಾಯ್ತು ಹೇಳಿದೆನ್ನೆ, ಕಾಸಿದ ಜೇನು ಗಾಯಕ್ಕೆ ಆಗದ್ದು ಇದೇ ಕಾರಣಕ್ಕೆ. ಈಗ ಆಸ್ಪತ್ರೆಗಳಲ್ಲಿ ಗಾಯಕ್ಕೆ ಹಾಕುವ ಜೇನೇ ಬೇರೆ ಸಿಕ್ಕುತ್ತು, ಅದರ ಗಾಮಾ ಕಿರಣಲ್ಲಿ ಶುದ್ಧ ಮಾಡಿರ್ತವು. ಎಂತಕೆ ಶುದ್ಧ ಮಾಡುದು ಹೇಳಿ ರಜ ಹೊತ್ತಿಲಿ ಗೊಂತಕ್ಕು.

ಸೆಮ್ಮಕ್ಕೆ ಜೇನು ಕೊಡುದುದೆ ಪರೀಕ್ಷೆಗೆ ನಿಂದತ್ತು. 2007ರಲ್ಲಿ ಅಮೇರಿಕದ ಪೆನ್ಸಿಲ್ವೇನಿಯಲ್ಲಿ 105 ಮಕ್ಕೊಗೆ ಒರಗುವ ಮದಲು ಒಂದೊಂದು ಪ್ರಮಾಣ ಕೊಟ್ಟು ನೋಡಿದವು. ಕೆಲವು ಮಕ್ಕೊಗೆ ಜೇನು, ಕೆಲವು ಮಕ್ಕೊಗೆ ಅಂಗಡಿಯ ಸೆಮ್ಮದ ಮದ್ದು, ಕೆಲವು ಮಕ್ಕೊಗೆ ಎಂತದೂ ಇಲ್ಲೆ. ಜೇನು ನಕ್ಕಿದ ಮಕ್ಕೊಗೆ ಇರುಳು ಸೆಮ್ಮ ಕಮ್ಮಿ ಆತು, ಒರಕ್ಕುದೆ ಬಂತು. 2018ರಲ್ಲಿ ಬ್ರಿಟನಿನ ಸರಕಾರಿ ವೈದ್ಯ ಮಾರ್ಗದರ್ಶಿಲಿ, ಸಾಮಾನ್ಯ ಸೆಮ್ಮಕ್ಕೆ ಆಂಟಿಬಯೋಟಿಕ್ ಬರವ ಮದಲು ಜೇನು ಕೊಟ್ಟು ನೋಡಿ ಹೇಳಿ ಬಂತು. ಅಜ್ಜಿಯಕ್ಕೊ ಹೇಳಿದ್ದು ಸರಿ ಹೇಳಿ ಆತು. ಆದರೆ ಆ ಮಾರ್ಗದರ್ಶಿಲಿ ಒಟ್ಟಿಂಗೇ ಇನ್ನೊಂದು ಷರತ್ತು ಇದ್ದು: ಒಂದೊರಿಷ ಕಳುದ ಮಕ್ಕೊಗೆ ಮಾಂತ್ರ.

ಈ ಷರತ್ತಿನ ಕತೆಯೇ ಎನಗೆ ಮುಖ್ಯ. ಎಂಗಳ ಮನೆಲಿ ಮಗಳ ಬಾಣಂತನ ಅಪ್ಪಗ ಇದರ ಮೇಗೆ ದೊಡ್ಡ ಮಾತಾತು. ಆಸ್ಪತ್ರೆಲಿ ಕೊಟ್ಟ ಕಾಗದಲ್ಲಿ ಒಂದೊರಿಷದ ಒರೆಗೆ ಜೇನು ಕೊಡ್ಲಾಗ ಹೇಳಿ ಇತ್ತು. ಅತ್ತೆಗೆ ಅದು ಸಮ ಕಂಡಿದಿಲ್ಲೆ. "ಎನ್ನ ಐದು ಮಕ್ಕೊಗುದೆ ಹುಟ್ಟಿದ ದಿನವೇ ಜೇನು ನಕ್ಕುಸಿದ್ದು, ಆರಿಂಗೂ ಎಂತದೂ ಆಯಿದಿಲ್ಲೆ" ಹೇಳಿದವು. ಅವು ಹೇಳಿದ್ದು ಸತ್ಯವೇ. ಎಂಗಳಲ್ಲಿ ಮಾಂತ್ರ ಅಲ್ಲ, ಈ ದೇಶಲ್ಲಿ ಎರಡು ಸಾವಿರ ಒರಿಷಂದ ಹಾಂಗೇ ಮಾಡಿಗೊಂಡು ಬಯಿಂದವು. ಜಾತಕರ್ಮ ಹೇಳಿರೆ ಅದೇ. ಹುಟ್ಟಿದ ಬಾಬೆಗೆ ಅಪ್ಪ ಚಿನ್ನ ತಾಗ್ಸಿದ ಜೇನು ತುಪ್ಪ ನಕ್ಕುಸುದು. ಆಶ್ವಲಾಯನ ಗೃಹ್ಯಸೂತ್ರಲ್ಲಿ ಅದು ಇದ್ದು, ಚರಕ ಸುಶ್ರುತರಲ್ಲಿದೆ ಇದ್ದು. ಸುಶ್ರುತ ಒಂದು ಕಾರಣವನ್ನುದೆ ಕೊಡ್ತ: ಬಾಣಂತಿಗೆ ಹಾಲು ಸರಿ ಬಪ್ಪಲೆ ಮೂರು ನಾಲ್ಕು ದಿನ ಆವ್ತು, ಅಷ್ಟು ದಿನಕ್ಕೆ ಬಾಬೆಗೆ ಎಂತಾರು ಬೇಕನ್ನೆ. ಆ ಕಾಲಕ್ಕೆ ಸುರುವಾಣ ಅರಿಶಿನ ಬಣ್ಣದ ಹಾಲಿನ ಬೆಲೆ ಗೊಂತಿತ್ತಿಲ್ಲೆ. ಈಗ ಡಾಕ್ಟ್ರಕ್ಕೊ ಹುಟ್ಟಿದ ಒಂದು ಗಂಟೆಯ ಒಳವೇ ಅಬ್ಬೆಹಾಲು ಕೊಡಿ ಹೇಳ್ತವು, ಆರು ತಿಂಗಳ ಒರೆಗೆ ಅದಲ್ಲದ್ದೆ ಬೇರೆಂತೂ ಬೇಡ ಹೇಳ್ತವು.

ಜೇನಿಲಿ ಅಪಾಯ ಇದ್ದು ಹೇಳಿ ಗೊಂತಾದ್ದು ಹೇಂಗೆ? ಬೊಟುಲಿಸಂ ಹೇಳ್ತ ಕಾಯಿಲೆ ಮದಲೇ ಗೊಂತಿತ್ತು. ಲ್ಯಾಟಿನಿಲಿ ಬೊಟುಲುಸ್ ಹೇಳಿರೆ ಮಾಂಸ ತುಂಬುಸಿದ ಕರುಳು. ಜರ್ಮನಿಲಿ ಅದರ ತಿಂದು ಸತ್ತವರ ನೋಡಿ ಬಂದ ಹೆಸರು. ಹಾಳಾದ ಡಬ್ಬಿ ಆಹಾರ ತಿಂದರೆ ಬಪ್ಪದು, ದೊಡ್ಡವಕ್ಕೆ ಬಪ್ಪದು ಹೇಳಿಯೇ ಎಲ್ಲೋರ ಲೆಕ್ಕ. 1976ರಲ್ಲಿ ಕ್ಯಾಲಿಫೋರ್ನಿಯಲ್ಲಿ ಕೆಲವೇ ತಿಂಗಳಿನ ಬಾಬೆಗೊ ಆಸ್ಪತ್ರೆಗೆ ಬಂದವು. ಡಬ್ಬಿ ಆಹಾರ ತಿಂದ ಮಕ್ಕೊ ಅಲ್ಲ. ಮದಾಲು ಕಕ್ಕಸು ನಿಂದತ್ತು, ಮತ್ತೆ ಹಾಲು ಚೀಪುವ ಬಲ ಕಮ್ಮಿ ಆತು, ಕೂಗಿರೆ ಸ್ವರ ಹೆರಡ, ಕಣ್ಣಿನ ರೆಪ್ಪೆ ಜೋತತ್ತು, ಕೊರಳು ನಿಲ್ಲ, ಕೈಕಾಲು ಬಟ್ಟೆಯ ಹಾಂಗೆ. ಅಂತಹ ಮಕ್ಕಳ ಹೊಟ್ಟೆಲಿ ಈ ಕ್ರಿಮಿಯುದೆ, ಅದರ ವಿಷವುದೆ ಕಂಡತ್ತು. ವಿಷವ ತಿಂದದಲ್ಲ, ಹೊಟ್ಟೆಯ ಒಳವೇ ವಿಷ ಹುಟ್ಟಿದ್ದು ಹೇಳಿ ಆತು.

ಅದು ಹೇಂಗೆ ಹೇಳಿರೆ, ಈ ಕ್ರಿಮಿ ಅನುಕೂಲ ಇಲ್ಲದ್ದಲ್ಲಿ ಬಿತ್ತಿನ ಹಾಂಗೆ ಗಟ್ಟಿ ಚೋಲಿ ಹಾಕಿಗೊಂಡು ಒರಗುತ್ತು. ಮಣ್ಣಿಲಿ, ಧೂಳಿಲಿ ಎಲ್ಲ ದಿಕ್ಕೆ ಇದ್ದು. ದೊಡ್ಡವು ನಾವು ದಿನಾಗಳುದೆ ನುಂಗುತ್ತು, ನಮ್ಮ ಕರುಳಿಲಿ ಬೇರೆ ಕ್ರಿಮಿಗೊ ತುಂಬಿಗೊಂಡು ಇಪ್ಪ ಕಾರಣ ಇದಕ್ಕೆ ಮೊಳೆವಲೆ ಜಾಗೆ ಸಿಕ್ಕುತ್ತಿಲ್ಲೆ, ಹಾಂಗೇ ಹೆರ ಹೋವ್ತು. ಸಣ್ಣ ಬಾಬೆಯ ಕರುಳು ಹೊಸತಾಗಿ ಅಗತ್ತೆ ಮಾಡಿದ ಗೆದ್ದೆಯ ಹಾಂಗೆ, ಕಾಲಿ. ಅಲ್ಲಿ ಬಿದ್ದದು ಮೊಳೆತ್ತು. ಮೊಳೆತ್ತ ಮತ್ತೆ ವಿಷ ಮಾಡ್ತು, ಆ ವಿಷ ನರಂದ ಸ್ನಾಯುವಿಂಗೆ ಹೋಪ ಸುದ್ದಿಯ ತಡೆತ್ತು.

ಡಾಕ್ಟ್ರಕ್ಕೊ ಮಕ್ಕೊಗೆ ಎಂತ ಎಲ್ಲ ಕೊಟ್ಟಿದಿ ಹೇಳಿ ಮನೆಮನೆಗೆ ಹೋಗಿ ಕೇಳಿದವು. ಜೇನಿನ ಹೆಸರು ಮತ್ತೆ ಮತ್ತೆ ಬಂತು. ಕ್ಯಾಲಿಫೋರ್ನಿಯದ ಆರೋಗ್ಯ ಇಲಾಖೆಯವು 1979ರಲ್ಲಿ ಪ್ರಕಟ ಮಾಡಿದ ಲೆಕ್ಕಲ್ಲಿ, ಪರೀಕ್ಷೆ ಮಾಡಿದ 90 ಜೇನಿಲಿ 9ರಲ್ಲಿ ಈ ಒರಗಿದ ಕ್ರಿಮಿ ಇತ್ತು. ಹತ್ತರಲ್ಲಿ ಒಂದು. ಅಂದಿಂದ ಇಂದಿನ ಒರೆಗೆ 12 ತಿಂಗಳು ತುಂಬದ್ದ ಬಾಬೆಗೊಕ್ಕೆ ಜೇನು ಬೇಡ ಹೇಳುದು ಮಕ್ಕಳ ವೈದ್ಯರ ನಿಯಮ. ಅತ್ತೆಯ ಐದು ಮಕ್ಕೊಗೆ ಎಂತದೂ ಆಗದ್ದದು ಇದೇ ಲೆಕ್ಕಲ್ಲಿ ಅರ್ಥ ಆವ್ತು. ಹತ್ತರಲ್ಲಿ ಒಂಬತ್ತು ಜೇನಿಲಿ ಅದು ಇಲ್ಲೆ, ಇದ್ದ ಒಂದರಿಂದಲುದೆ ಎಲ್ಲೋ ಒಂದು ಬಾಬೆಗೆ ಮಾಂತ್ರ ಹಿಡಿತ್ತು. ಕಾಯಿಲೆ ಅಪರೂಪದ್ದು. ಅಮೇರಿಕಲ್ಲಿ ಈಗ ಬಪ್ಪ ಹೆಚ್ಚಿನ ಕಾಯಿಲೆಗಳುದೆ ಧೂಳು ಮಣ್ಣಿಂದ ಬಪ್ಪದು, ಅದರ ತಡವಲೆ ಎಡಿಯ. ಜೇನಿನ ತಡವಲೆ ಎಡಿತ್ತು. ಹಿಡುದರೆ ಬಾಬೆಗೆ ಉಸುಲಿನ ಯಂತ್ರ ಬೇಕಪ್ಪಷ್ಟು ಹೋವ್ತು. ವಾರಗಟ್ಟಲೆ ಆಸ್ಪತ್ರೆಲಿ ಕೂರೆಕ್ಕು.

ಇಲ್ಲಿ ಮೂರು ಸಂಶಯ ಎಲ್ಲೋರಿಂಗುದೆ ಬತ್ತು. ಕಾಸಿ ಕೊಟ್ರೆ ಅಕ್ಕೊ? ಆಗ. ಕ್ರಿಮಿಯ ವಿಷ ಕೊದಿಲಿಂಗೆ ನಾಶ ಆವ್ತು, ಒರಗಿದ ಕ್ರಿಮಿ ನೀರು ಕೊದಿವ ಬೆಶಿಗೆ ಸಾಯ್ತಿಲ್ಲೆ. ಒತ್ತಡಲ್ಲಿ 121 ಡಿಗ್ರಿ ಬೇಕು, ಆ ಬೆಶಿಗೆ ಜೇನು ಜೇನಾಗಿ ಒಳಿತ್ತಿಲ್ಲೆ. ನಮ್ಮ ತೋಟದ್ದೇ ಶುದ್ಧ ಜೇನಾದರೆ ಅಕ್ಕೊ? ಅದುದೆ ಆಗ. ಇದು ಕಲಬೆರಕೆಯ ಪ್ರಶ್ನೆ ಅಲ್ಲ, ಹುಳುವಿನ ಕಾಲಿನ ಧೂಳಿಲಿ ಬಪ್ಪದು. ಬಾಣಂತಿ ತಿಂದರೆ ಹಾಲಿಲಿ ಹೋಕೊ? ಹೋಗ. ದೊಡ್ಡವರ ಕರುಳು ದಾಂಟಿ ಅದು ಹಾಲಿಂಗೆ ಬತ್ತಿಲ್ಲೆ. ಬಸರಿ ಬಾಣಂತಿಯಕ್ಕೊ ಧೈರ್ಯಲ್ಲಿ ತಿಂಬಲಕ್ಕು.

ಬಜೆ ಅರದು ಜೇನಿಲಿ ನಕ್ಕುಸುದು, ಪುಷ್ಯ ನಕ್ಷತ್ರದ ದಿನ ಸುವರ್ಣಪ್ರಾಶನ ಹಾಕ್ಸುದು, ಇದೆರಡುದೆ ಇದೇ ಲೆಕ್ಕಕ್ಕೆ ಬತ್ತು. ಕಾಶ್ಯಪಸಂಹಿತೆಲಿ ಹೇಳಿದ ಸುವರ್ಣಪ್ರಾಶನಲ್ಲಿ ಚಿನ್ನ, ಜೇನು, ತುಪ್ಪ ಮೂರುದೆ ಇದ್ದು. ಒರಿಷ ತುಂಬದ್ದ ಬಾಬೆಯ ಎತ್ತಿಗೊಂಡು ಹೋಪ ಮದಲು "ಇದರಲ್ಲಿ ಜೇನು ಇದ್ದೊ" ಹೇಳಿ ಬಾಯಿ ಬಿಟ್ಟು ಕೇಳೆಕ್ಕು. ಹನಿಯೇ ಅಲ್ಲದೊ ಹೇಳಿ ಸಮಾಧಾನ ಮಾಡಿಗೊಂಬಲಾಗ. ಮೊಳವಲೆ ಹನಿಯೂ ಸಾಕು.

ಅಂಬಗ ಜಾತಕರ್ಮವ ಬಿಡುದೊ? ಅತ್ತೆಯ ನಿಜವಾದ ಬೇಜಾರು ಅಲ್ಲಿ ಇದ್ದದು. ಜೇನಿನ ಮೇಗೆ ಅವಕ್ಕೆ ಅಂತಹ ಪ್ರೀತಿ ಎಂತದೂ ಇಲ್ಲೆ. ಹೆರಿಯವು ಮಾಡಿಗೊಂಡು ಬಂದದರ ಒಂದು ಆಸ್ಪತ್ರೆಯ ಕಾಗದ ನಿಲ್ಸಿತ್ತು ಹೇಳಿ ಸಂಕಟ. ಆನು ಹಳೆ ಪುಸ್ತಕ ತೆಗದು ನೋಡಿದೆ. ಪಾರಸ್ಕರ ಗೃಹ್ಯಸೂತ್ರಲ್ಲಿ ಈ ಕ್ರಮ ಹೇಳುವಗ, ಪವಿತ್ರ ಬೆರಳಿಂಗೆ ಚಿನ್ನ ತಾಗ್ಸಿಗೊಂಡು ಜೇನು ತುಪ್ಪ ಕೊಡೆಕ್ಕು, ಇಲ್ಲದ್ರೆ ಬರೀ ತುಪ್ಪ ಕೊಡೆಕ್ಕು ಹೇಳಿ ಎರಡು ದಾರಿ ಸ್ಪಷ್ಟವಾಗಿ ಕೊಟ್ಟಿದವು. ಪಾರಸ್ಕರ ಶುಕ್ಲಯಜುರ್ವೇದದವರದ್ದು, ಎಂಗೊಗೆ ಹೆಚ್ಚಿನವಕ್ಕೆ ಬೌಧಾಯನ, ಗೊಂತಿದ್ದು. ಆದರೆ ಜೇನಿಲ್ಲದ್ರೂ ಸಂಸ್ಕಾರ ಪೂರ್ತಿ ಆವ್ತು ಹೇಳಿ ಸೂತ್ರಕಾರನೇ ಒಬ್ಬ ಒಪ್ಪಿದ್ದ ಹೇಳುವದು ಸಣ್ಣ ಸಂಗತಿ ಅಲ್ಲ. ಎಂಗಳ ಭಟ್ಟಮಾವನ ಹತ್ತರೆ ಕೇಳಿದೆ. ಅವು ನೆಗೆ ಮಾಡಿದವು, "ಆನು ಐದಾರು ಒರಿಷಂದ ಬೆರಳಿಲಿ ಜೇನಿನ ಮುಟ್ಟಿ ಮಂತ್ರ ಹೇಳ್ಸಿ, ಬಾಬೆಯ ಬಾಯಿಗೆ ತಾಗ್ಸದ್ದೆ ಬಿಡ್ತಾ ಇದ್ದೆ" ಹೇಳಿದವು. ಅತ್ತೆ ಅವರ ಮಾತಿಂಗೆ ಒಪ್ಪಿದವು. ಡಾಕ್ಟ್ರ ಕಾಗದಂದ ಆಗದ್ದ ಕೆಲಸ ಭಟ್ಟಮಾವನಿಂದ ಆತು. ಡಾಕ್ಟ್ರಕ್ಕೊ ಇದರ ತಿಳ್ಕೊಂಡರೆ ಅವಕ್ಕೇ ಉಪಕಾರ.

ಇನ್ನು ದೊಡ್ಡವರ ವಿಷಯ ಬೇಗ ಹೇಳಿ ಬಿಡ್ತೆ. ಸಕ್ಕರೆ ಕಾಯಿಲೆಯವಕ್ಕೆ ಜೇನು ಅಕ್ಕು ಹೇಳುದು ಸುಳ್ಳು. ಜೇನಿಲಿ ನೂರಕ್ಕೆ ಸುಮಾರು 38 ಪಾಲು ಫ್ರಕ್ಟೋಸ್, 31 ಪಾಲು ಗ್ಲೂಕೋಸ್. ದೊಡ್ಡ ಚಮಚಲ್ಲಿ ಒಂದು ಚಮಚಕ್ಕೆ 60 ಕ್ಯಾಲೊರಿ ದಾಂಟುತ್ತು, ಸಕ್ಕರೆಯ ಒಂದು ದೊಡ್ಡ ಚಮಚಂದ ಹೆಚ್ಚೇ, ಜೇನು ಅಷ್ಟು ಭಾರ ಇಪ್ಪ ಕಾರಣ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಗೆ ಮಿತಿ ಹಾಕುವಗ ಜೇನಿನನ್ನುದೆ ಅದೇ ಪಟ್ಟಿಗೆ ಸೇರ್ಸಿದ್ದು. ಅದರಲ್ಲಿಪ್ಪ ಜೀವಸತ್ವ, ಖನಿಜದ ಹೊಗಳಿಕೆ ಕೇಳಿ ತಿಂಬದಾದರೆ, ಲೆಕ್ಕಕ್ಕೆ ಬಪ್ಪಷ್ಟು ಸಿಕ್ಕೆಕ್ಕಾದರೆ ಒಂದು ಕುಪ್ಪಿ ಕುಡಿಯೆಕ್ಕಕ್ಕು. ಚರಕ ರಜ್ಜವೇ ಸಾಕು ಹೇಳಿದ್ದು ಇಲ್ಲಿಯುದೆ ಸಮವೇ ಆತು.

ಆದರೆ ರಜ್ಜ ತಿಂಬದಾದರೂ ಅದು ಜೇನೇ ಆಗೆಕ್ಕನ್ನೆ. ಎಂಗಳ ಹೊಡೆಲಿ ಮದಲು ಜೇನು ತೆಗವದು ಹೇಳಿರೆ ಮರದ ಪೊಟ್ರೆಗೆ ಹೊಗೆ ಹಾಕಿ, ಎರಿಯ ಕೈಲಿ ಹಿಂಡುದು. ಹುಳು, ಮೊಟ್ಟೆ, ಮರಿ ಎಲ್ಲ ಒಟ್ಟಿಂಗೆ ಹಿಂಡಿ ಹೋಕು. ಅಮೇರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಎರಿಗಳ ಎಡಕ್ಕಿಲಿ ಹುಳುಗೊ ಬಿಡುವ ಜಾಗೆಯ ಅಳತೆ ಕಂಡುಹಿಡುದು, ಎಳದು ತೆಗವ ಚೌಕಟ್ಟಿನ ಪೆಟ್ಟಿಗೆ ಮಾಡಿದ. ಅದು ದೊಡ್ಡ ಜಾತಿಯ ಹುಳುವಿಂಗೆ. ತಿರುಚಿನಾಪಳ್ಳಿಯ ಹತ್ತರೆ ಇತ್ತಿದ್ದ ಪಾದ್ರಿ ನ್ಯೂಟನ್ ಹೇಳ್ತವು 1910ರ ಮತ್ತೆ ನಮ್ಮ ತೊಡುವೆಯ ಅಳತೆಗೆ ಸಣ್ಣ ಪೆಟ್ಟಿಗೆ ಮಾಡಿ ಊರವಕ್ಕೆ ಕಲಿಶಿದವು. ನ್ಯೂಟನ್ ಪೆಟ್ಟಿಗೆ ಹೇಳಿ ಈಗಳೂ ಅದೇ ಹೆಸರು. 1936ರಲ್ಲಿ ಕೊಡಗಿನ ವಿರಾಜಪೇಟೆಲಿ ಜೇನು ಕೃಷಿಕರ ಸಹಕಾರಿ ಸಂಘ ಆತು, ಕೊಡಗಿನ ಜೇನಿಂಗೆ ದೊಡ್ಡ ಹೆಸರು ಬಂತು. ಎಂಗಳ ಅಡಕ್ಕೆ ತೋಟಂಗಳಲ್ಲಿದೆ ಪೆಟ್ಟಿಗೆ ಬಂತು. ರಬ್ಬರು ಬಂದ ಮತ್ತೆ ಹೆಚ್ಚಿನ ಜೇನು ಅದರದ್ದೇ. ಎಲೆ ಉದುರಿ ಹೊಸ ಕೊಡಿ ಬಪ್ಪಗ ಎಲೆಯ ತೊಟ್ಟಿಲಿ ರಸ ಒಸರುತ್ತು, ಹುಳುಗೊ ಹೂಗಿಂಗೆ ಹೋಗದ್ದೆ ಅದರನ್ನೇ ಹೀರುತ್ತವು.

1991-92ರಲ್ಲಿ ತೊಡುವೆಗೆ ಥಾಯ್ ಸ್ಯಾಕ್‌ಬ್ರೂಡ್ ಹೇಳ್ತ ವೈರಸ್ಸು ಬಂತು. ಮರಿಹುಳುಗೊ ನೀರು ತುಂಬಿದ ಚೀಲದ ಹಾಂಗೆ ಆಗಿ ಎರಿಲೇ ಸತ್ತವು. ದಕ್ಷಿಣ ಭಾರತಲ್ಲಿ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಕುಟುಂಬ ಹೋತು. ಜೆಗಿಲಿಲಿ ಸಾಲಾಗಿ ಮಡುಗಿದ ಕಾಲಿ ಪೆಟ್ಟಿಗೆಗಳ ನೋಡಿದ ನೆಂಪು ಎಂಗಳ ಪ್ರಾಯದವಕ್ಕೆ ಎಲ್ಲೋರಿಂಗುದೆ ಇಕ್ಕು. ಊರ ಜೇನು ನಿಂದ ಆ ಜಾಗೆಗೆ ಅಂಗಡಿಯ ಕುಪ್ಪಿ ಬಂತು. ಜೇನು ತಿಂಡಿ ಆದ್ದುದೆ ಹೆಚ್ಚುಕಮ್ಮಿ ಅದೇ ಸಮಯಲ್ಲಿ.

ಅಂಗಡಿಯ ಕುಪ್ಪಿಯ ಕತೆ 2020ರ ದಶಂಬರಲ್ಲಿ ಹೆರ ಬಂತು. ದೆಹಲಿಯ ವಿಜ್ಞಾನ ಮತ್ತೆ ಪರಿಸರ ಕೇಂದ್ರದವು 13 ಹೆಸರಿನ ಜೇನಿನ ಪರೀಕ್ಷೆ ಮಾಡ್ಸಿದವು. ಇಲ್ಲಿಯಾಣ ಸಾಮಾನ್ಯ ಪರೀಕ್ಷೆಲಿ ಹೆಚ್ಚಿನದ್ದು ಪಾಸು. ಜರ್ಮನಿಲಿ ಮಾಡ್ಸಿದ ಎನ್‌ಎಂಆರ್ ಹೇಳ್ತ ಪರೀಕ್ಷೆಲಿ ಪಾಸಾದ್ದು ಮೂರೇ. ಕಾರಣ ಹೀಂಗಿದ್ದು: ಕಬ್ಬುದೆ ಮೆಕ್ಕೆಜೋಳವುದೆ ಗಾಳಿಂದ ಇಂಗಾಲ ತೆಕ್ಕೊಂಬ ಕ್ರಮ ಬೇರೆ, ಹೂ ಬಿಡುವ ಹೆಚ್ಚಿನ ಮರ ಗೆಡುಗಳ ಕ್ರಮ ಬೇರೆ. ಸಕ್ಕರೆಪಾಕ ಬೆರುಸಿರೆ ಇಂಗಾಲದ ಲೆಕ್ಕಲ್ಲಿ ಸಿಕ್ಕಿ ಬೀಳ್ತು. ಬತ್ತದ ಕ್ರಮ ಹೂಗಿನ ಗೆಡುಗಳದ್ದೇ. ಹಾಂಗಾಗಿ ಅಕ್ಕಿಯ ಪಾಕ ಬೆರುಸಿರೆ ಆ ಲೆಕ್ಕಲ್ಲಿ ಸಿಕ್ಕುತ್ತಿಲ್ಲೆ. ಇಷ್ಟು ತಿಳ್ಕೊಂಡು ಮಾಡ್ತ ಕಲಬೆರಕೆಯ, ನೀರಿಂಗೆ ಹನಿ ಬಿಟ್ಟು ಮುಳುಗಿತ್ತೊ ನೋಡುದು, ಬತ್ತಿಗೆ ಅದ್ದಿ ಹೊತ್ತಿತ್ತೊ ನೋಡುದು, ಎರುಗು ಬತ್ತೊ ನೋಡುದು ಹೇಳಿ ಮನೆಲಿ ಕಂಡುಹಿಡಿವಲೆ ಎಡಿಯ. ದಪ್ಪದ ಪಾಕವುದೆ ಮುಳುಗುತ್ತು. ಕುಪ್ಪಿಲಿ ಜೇನು ಗಟ್ಟಿ ಕಟ್ಟಿರೆ ಸಕ್ಕರೆ ಹಾಕಿದ್ದು ಹೇಳಿ ಹೇಳುವವು ತುಂಬ ಜನ ಇದ್ದವು, ಅದುದೆ ಸಮ ಅಲ್ಲ. ಗ್ಲೂಕೋಸ್ ಹೆಚ್ಚಿಪ್ಪ ಒಳ್ಳೆ ಜೇನೇ ಗಟ್ಟಿ ಕಟ್ಟುದು.

ಎಂಗಳ ಊರಿನ ತೊಡುವೆಗೊ ರಜ್ಜ ರಜ್ಜ ಚೇತರಿಸಿಗೊಂಡಿದವು. ವೈರಸ್ಸಿಂಗೆ ತಡಕ್ಕೊಂಡ ಕುಟುಂಬಂಗೊ ಒಳುದು ಹೆಚ್ಚಿದವು. ಜೇನು ಬೇಕಾದವು ಫೆಬ್ರವರಿಂದ ಎಪ್ರಿಲಿನ ಒರೆಗೆ ಪೆಟ್ಟಿಗೆ ಮಡುಗಿದವರ ಹತ್ತರೆಯೇ ಹೋಗಿ, ಎದುರಿಲಿ ತೆಗದ್ದರ ತನ್ನಿ. ಮೇಣದ ಮುಚ್ಚಲು ಹಾಕಿದ ಎರಿಂದ ತೆಗದ್ದೊ ಹೇಳಿ ಕೇಳಿ. ಮುಚ್ಚಲು ಇಲ್ಲದ್ದದು ಹಣ್ಣಾಗದ್ದ ಜೇನು, ಅದರಲ್ಲಿ ನೀರು ಹೆಚ್ಚು. ನಮ್ಮ ಆಹಾರ ಕಾನೂನಿಲಿ ನೀರು ನೂರಕ್ಕೆ 20 ದಾಂಟುಲಾಗ ಹೇಳಿ ಇದ್ದು. ದಾಂಟಿರೆ ಮಳೆಗಾಲಲ್ಲಿ ಹುಳಿ ಬಂದು ನೊರೆ ಏಳುಗು, ಮುಚ್ಚಲು ಟಪ್ಪ ಹೇಳಿ ಹಾರುಗು. ಚೆಂಡಿ ಚಮಚ ಹಾಕಿರೂ ಅದೇ ಕತೆ. ಗಾಜಿನ ಕುಪ್ಪಿಲಿ ಬಿಗಿಯಾಗಿ ಮುಚ್ಚಿ, ಬೆಶಿಲು ಬೀಳದ್ದಲ್ಲಿ ಮಡುಗಿ. ಫ್ರಿಜ್ಜಿಲಿ ಬೇಡ. ಸಣ್ಣ ಬಾಬೆ ಇಪ್ಪ ಮನೆ ಆದರೆ ಕುಪ್ಪಿಯ ಮೇಗೆ "ಒಂದೊರಿಷದ ಒಳಾಣ ಮಕ್ಕೊಗೆ ಬೇಡ" ಹೇಳಿ ಒಂದು ಚೀಟಿ ಅಂಟುಸಿ ಮಡುಗಿ. ಬಾಬೆಯ ನೋಡ್ಲೆ ಬಂದ ನೆಂಟ್ರು ಪ್ರೀತಿಲಿ ಬೆರಳು ಅದ್ದುವ ಮದಲು ಅವಕ್ಕೆ ಕಾಣೆಕ್ಕು.